ಹತ್ತೊಂಬತ್ತು ಪತ್ರ, ಐದು ದಿನ

ಹುಬ್ಬಳ್ಳಿ ಬಿಟ್ಟ ಬೆಂಗಳೂರು ಬಸ್ಸು ಗಬ್ಬೂರ ಕ್ರಾಸ್ ದಾಟಿತೆಂದರೆ ಪೇಟೆಯ ಗದ್ದಲ ಹಿಂದೆ ಬಿತ್ತು ಅಂತಲೇ ಲೆಕ್ಕ. ಅಲ್ಲಿಂದ ಬೈಪಾಸ್ ಕವಲೊಡೆದು ಧಾರವಾಡದಾಚೆಯ ನರೇಂದ್ರದ ದಿಕ್ಕು ಹಿಡಿಯುತ್ತದೆ. ಹೆದ್ದಾರಿ ಎರೆಹೊಲಗಳ ನಡುವೆ ದಕ್ಷಿಣಕ್ಕೆ ಸಾಗುತ್ತದೆ. ಈ ದಾರಿಯ ಆಸುಪಾಸಿನ ಊರುಗಳು ಕರ್ನಾಟಕದ ರಾಜಕೀಯಕ್ಕೆ ಕೊಟ್ಟದ್ದು ಸಣ್ಣದಲ್ಲ. ಅದರಗುಂಚಿಯಲ್ಲಿ 1953ರಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕ ಏಕೀಕರಣಕ್ಕಾಗಿ 23 ದಿನ ಉಪವಾಸ ಕೂತರು. ಆ ಏಪ್ರಿಲ್‌ನಲ್ಲೇ ಹುಬ್ಬಳ್ಳಿಯಲ್ಲಿ ಸೇರಿದ್ದ ಕಾಂಗ್ರೆಸ್ ಸಭೆಯ ಮುಂದೆ ಜನ ಸಿಡಿದೆದ್ದರು. ಧಾರವಾಡ ಜಿಲ್ಲೆ ಆಗಿನ್ನೂ ಮುಂಬೈ ರಾಜ್ಯದಲ್ಲಿತ್ತು. ಮೊದಲ ಮಹಾಚುನಾವಣೆಯಲ್ಲಿ ಇಲ್ಲಿಯ ಮಂದಿ ಆರಿಸಿ ಕಳಿಸಿದ ಶಾಸಕರು ಮುಂಬೈ ವಿಧಾನಸಭೆಯಲ್ಲಿ ಕೂರುತ್ತಿದ್ದರು. ತಮ್ಮ ಪ್ರತಿನಿಧಿ ಯಾವ ಸದನದಲ್ಲಿ, ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದಕ್ಕೇ ಹೊಟ್ಟೆ ಕಟ್ಟಿಕೊಂಡು ಹೋರಾಡಿದ ಸೀಮೆ ಇದು.

ಅದೇ ಸೀಮೆಯ ಒಬ್ಬ ವಕೀಲರ ಹೆಸರು ಇಂದು ದೇಶದ ಎಲ್ಲ ಕಾನೂನು ಕಾಲೇಜುಗಳ ಪಾಠದಲ್ಲಿದೆ. ಸೋಮಪ್ಪ ರಾಯಪ್ಪ ಬೊಮ್ಮಾಯಿ ಹುಟ್ಟಿದ್ದು 1924ರ ಜೂನ್ 6ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿದ ಕಾರಡಗಿಯಲ್ಲಿ. ವಕೀಲಿಕೆಗೆ ಹುಬ್ಬಳ್ಳಿಯಲ್ಲಿ ನೆಲೆ ನಿಂತರು. ಸ್ವಾತಂತ್ರ್ಯ ಹೋರಾಟದಲ್ಲೂ ಏಕೀಕರಣದಲ್ಲೂ ಓಡಾಡಿದರು, ಎಂ.ಎನ್. ರಾಯ್ ಅವರ ವಿಚಾರಗಳಿಗೆ ಮನಸೋತರು. 1967ರಲ್ಲಿ ಕುಂದಗೋಳದಿಂದ ಪಕ್ಷೇತರರಾಗಿ ಗೆದ್ದು ವಿಧಾನಸಭೆ ಹೊಕ್ಕರು. ಮುಂದೆ ಜನತಾ ಪಕ್ಷ ಸೇರಿ 1978, 1983, 1985ರಲ್ಲಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಆರಿಸಿ ಬಂದರು. ಪ್ರಸಿದ್ಧ ಮೊಕದ್ದಮೆಗಳಿಗೆ ಹೆಸರಾಗಿ ಉಳಿದವರ ಬದುಕು ಆ ಹೆಸರಿನ ಹಿಂದೆ ಮರೆಯಾಗುವುದು ಸಾಮಾನ್ಯ. ಬೊಮ್ಮಾಯಿಯವರ ವಿಷಯದಲ್ಲೂ ಹಾಗೇ ಆಗಿದೆ. ತೀರ್ಪನ್ನು ಬಲ್ಲವರು ಬಹಳ, ಅದರ ಹಿಂದಿನ ಐದು ದಿನಗಳನ್ನು ಬಲ್ಲವರು ಕಡಿಮೆ.

ಆ ಐದು ದಿನಗಳಿಗೆ ಬರುವ ಮೊದಲು ಹಿಂದಿನ ಆರು ವರ್ಷ ನೋಡಬೇಕು. 1983ರ ಜನವರಿಯಲ್ಲಿ ಕರ್ನಾಟಕ ಮೊದಲ ಬಾರಿ ಕಾಂಗ್ರೆಸ್ಸನ್ನು ಅಧಿಕಾರದಿಂದ ಇಳಿಸಿತು. 224ರ ಸದನದಲ್ಲಿ 95 ಸ್ಥಾನ ಗೆದ್ದ ಜನತಾ ಪಕ್ಷ, ಬಿಜೆಪಿ ಮತ್ತು ಎಡಪಕ್ಷಗಳ ಹೊರಗಿನ ಬೆಂಬಲದಿಂದ ಸರ್ಕಾರ ಮಾಡಿತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು, ಬೊಮ್ಮಾಯಿ ಮಂತ್ರಿಯಾದರು. ಮರುವರ್ಷದ ಡಿಸೆಂಬರ್‌ನಲ್ಲಿ, ಇಂದಿರಾ ಹತ್ಯೆಯ ದುಃಖದಲ್ಲಿ ನಡೆದ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಹೋದವು. ಹೆಗಡೆ ಆಗ ಮಾಡಿದ್ದನ್ನು ಇಂದಿನವರು ಕಷ್ಟಪಟ್ಟು ನಂಬಬೇಕು: ಜನ ತಮ್ಮ ಕೈಬಿಟ್ಟಿದ್ದಾರೆ ಎಂದು ತಾವಾಗಿಯೇ ರಾಜೀನಾಮೆ ಕೊಟ್ಟು ವಿಧಾನಸಭೆಗೆ ಹೊಸ ಚುನಾವಣೆ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಮೂರೇ ತಿಂಗಳ ಅಂತರದಲ್ಲಿ ದಿಲ್ಲಿಗೆ ಒಂದು ಲೆಕ್ಕ, ಬೆಂಗಳೂರಿಗೆ ಇನ್ನೊಂದು ಲೆಕ್ಕ. ಮತದಾರರನ್ನು ಹಗುರವಾಗಿ ಕಾಣುವವರು ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟು ಓದಬೇಕು.

ಟೆಲಿಫೋನ್ ಕದ್ದಾಲಿಕೆ ಆರೋಪದ ಬಿರುಗಾಳಿಗೆ ಸಿಕ್ಕು ಹೆಗಡೆ 1988ರ ಆಗಸ್ಟ್‌ನಲ್ಲಿ ಕುರ್ಚಿ ಬಿಟ್ಟರು. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಅದೇ ಸಮಯಕ್ಕೆ ಜನತಾ ಪಕ್ಷ ಮತ್ತು ಲೋಕದಳದ ಒಂದು ಬಣ ಕೂಡಿ ಜನತಾದಳ ಹುಟ್ಟಿತು. ಕೂಡುವಾಗಲೇ ಬಿರುಕು ಬಿಟ್ಟ ಪಕ್ಷ ಅದು. ದೇವೇಗೌಡರ ಬಣ, ಹೆಗಡೆಯವರ ಬಣ, ಮಂತ್ರಿಗಿರಿ ಸಿಗದವರ ಬಣ. ಬೊಮ್ಮಾಯಿಯವರ ಕೆಲಸದ ದಿನಗಳಲ್ಲಿ ದೊಡ್ಡ ಪಾಲು ಈ ಬಣಗಳನ್ನು ಸಂಭಾಳಿಸುವುದರಲ್ಲೇ ಕಳೆಯಿತು.

1989ರ ಏಪ್ರಿಲ್ 15ರಂದು ಅವರು ಸಂಪುಟ ವಿಸ್ತರಿಸಿ 13 ಮಂದಿಯನ್ನು ಸೇರಿಸಿಕೊಂಡರು. ಸಂಪುಟ ವಿಸ್ತರಣೆ ಒಬ್ಬನಿಗೆ ಸಂತೋಷ ಕೊಟ್ಟರೆ ಇಬ್ಬರಿಗೆ ಸಿಟ್ಟು ತರುತ್ತದೆ. ಎರಡು ದಿನ ಕಳೆದು, 17ರಂದು, ಜನತಾದಳದ ಶಾಸಕ ಕೆ.ಆರ್. ಮೊಲಕೇರಿ ಪಕ್ಷ ತೊರೆದು ರಾಜಭವನಕ್ಕೆ ಹೋದರು. ತಮ್ಮ ಪತ್ರದ ಜೊತೆ ಇನ್ನೂ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗಿಟ್ಟರು. ಎಲ್ಲದರ ಸಾರ ಒಂದೇ: ಬೊಮ್ಮಾಯಿ ಸರ್ಕಾರಕ್ಕೆ ನಮ್ಮ ಬೆಂಬಲ ಇಲ್ಲ. ವೆಂಕಟಸುಬ್ಬಯ್ಯನವರು ಆಂಧ್ರದ ಹಿರಿಯ ಕಾಂಗ್ರೆಸ್ಸಿಗರು, ಕೇಂದ್ರದಲ್ಲಿ ಮಂತ್ರಿಯಾಗಿದ್ದವರು. 19ರಂದು ಅವರು ರಾಷ್ಟ್ರಪತಿಗೆ ವರದಿ ಕಳಿಸಿದರು. ಆಳುವ ಪಕ್ಷದಲ್ಲಿ ಬಂಡಾಯ ಎದ್ದಿದೆ, ಮುಖ್ಯಮಂತ್ರಿಗೆ ಬಹುಮತ ಉಳಿದಿಲ್ಲ, ಆದ್ದರಿಂದ ಸಂವಿಧಾನದ 356ನೇ ವಿಧಿ ಬಳಸಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕು ಎಂಬುದು ಅದರ ಶಿಫಾರಸು. ಮುಖ್ಯಮಂತ್ರಿಯನ್ನು ಕರೆದು ಇದಕ್ಕೇನು ಹೇಳುತ್ತೀರಿ ಎಂದು ಅದಕ್ಕೆ ಮೊದಲು ಕೇಳಿರಲಿಲ್ಲ.

ಮರುದಿನ ಕಥೆ ತಿರುಗಿತು. ಪತ್ರ ಕೊಟ್ಟಿದ್ದಾರೆ ಎನ್ನಲಾದ 19 ಜನರಲ್ಲಿ ಏಳು ಮಂದಿ ಹೊಸ ಪತ್ರ ಬರೆದು ರಾಜ್ಯಪಾಲರಿಗೆ ಮುಟ್ಟಿಸಿದರು. ನಮಗೆ ತಪ್ಪು ತಿಳಿವಳಿಕೆ ಕೊಟ್ಟು ಸಹಿ ಪಡೆದಿದ್ದಾರೆ, ನಮ್ಮ ಬೆಂಬಲ ಈ ಸರ್ಕಾರಕ್ಕೇ ಇದೆ ಎಂದು. ಬೊಮ್ಮಾಯಿ ತಮ್ಮ ಕಾನೂನು ಮಂತ್ರಿಯನ್ನು ಕರೆದುಕೊಂಡು ಅದೇ ದಿನ ರಾಜಭವನಕ್ಕೆ ಹೋದರು. ಅಧಿವೇಶನವನ್ನು ಬೇಕಾದರೆ ಗೊತ್ತಾದ ದಿನಕ್ಕಿಂತ ಮುಂಚೆಯೇ ಕರೆಯುತ್ತೇನೆ, ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ತೀರ್ಮಾನವಾಗಲಿ ಎಂದರು. ಅದನ್ನೇ ಟೆಲೆಕ್ಸ್ ಮಾಡಿ ರಾಷ್ಟ್ರಪತಿಗೂ ತಿಳಿಸಿದರು. ಫ್ಯಾಕ್ಸ್ ಇನ್ನೂ ಹೊಸದು, ಇಮೇಲ್ ಹೆಸರೂ ಕೇಳದ ಕಾಲ. ಬೆಂಗಳೂರಿನ ಯಂತ್ರದಲ್ಲಿ ಒಬ್ಬ ಆಪರೇಟರ್ ಕುಟ್ಟಿದ ಅಕ್ಷರಗಳು ದಿಲ್ಲಿಯ ಕಾಗದದ ಮೇಲೆ ಮೂಡುತ್ತಿದ್ದವು. ಒಂದು ಚುನಾಯಿತ ಸರ್ಕಾರ ತನ್ನ ಜೀವಕ್ಕಾಗಿ ಕೊನೆಯ ಮಾತು ಹೇಳಿದ್ದು ಆ ಯಂತ್ರದ ಮೂಲಕ.

ರಾಜ್ಯಪಾಲರು ಅದೇ ದಿನ ಎರಡನೆಯ ವರದಿ ಬರೆದರು. ಏಳು ಜನ ಹಿಂದೆ ಸರಿದದ್ದನ್ನು ಅದರಲ್ಲಿ ಮುಚ್ಚಿಡಲಿಲ್ಲ, ಅಷ್ಟು ಹೇಳಲೇಬೇಕು. ಆದರೆ ಶಾಸಕರ ಮೇಲೆ ಒತ್ತಡ ನಡೆದಿದೆ, ಕುದುರೆ ವ್ಯಾಪಾರ ಶುರುವಾಗಿದೆ, ಮುಖ್ಯಮಂತ್ರಿ ಬಹುಮತ ಕಳೆದುಕೊಂಡಿದ್ದಾರೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ ಎಂದು ಮೊದಲಿನ ಶಿಫಾರಸನ್ನೇ ಮತ್ತೆ ಮಾಡಿದರು. ಏಪ್ರಿಲ್ 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಘೋಷಣೆ ಹೊರಬಿತ್ತು. ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ಮೊಲಕೇರಿ ರಾಜಭವನದ ಮೆಟ್ಟಿಲು ಹತ್ತಿ ಐದನೆಯ ದಿನಕ್ಕೆ ಎಲ್ಲ ಮುಗಿಯಿತು. ನಾಲ್ಕು ವರ್ಷದ ಹಿಂದೆ ಕೋಟ್ಯಂತರ ಮತದಾರರು ಸರತಿಯಲ್ಲಿ ನಿಂತು ಆರಿಸಿದ ಸದನಕ್ಕೆ ಒಂದು ಬಾರಿ ಸೇರಿ ತನ್ನ ಮಾತು ಹೇಳಲೂ ಅವಕಾಶ ಸಿಗಲಿಲ್ಲ.

ದೇಶಕ್ಕೆ ಇದು ಹೊಸದಾಗಿರಲಿಲ್ಲ. 356ನೇ ವಿಧಿ ಬಳಕೆಗೆ ಬಾರದೆ ಉಳಿಯಲಿ ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು. ಪಂಜಾಬಿನಲ್ಲಿ 1951ರಲ್ಲೇ ಅದು ಬಳಕೆಗೆ ಬಂತು. 1959ರಲ್ಲಿ ಕೇರಳದ ಇಎಂಎಸ್ ಸರ್ಕಾರ ಉರುಳಿತು. 1977ರಲ್ಲಿ ದಿಲ್ಲಿಗೆ ಬಂದ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ರಾಜ್ಯಗಳನ್ನು ಒಟ್ಟಿಗೇ ಕಿತ್ತುಹಾಕಿತು, 1980ರಲ್ಲಿ ಮರಳಿ ಬಂದ ಇಂದಿರಾ ಗಾಂಧಿ ತಿರುಗಿ ಒಂಬತ್ತನ್ನು ಕಿತ್ತರು. ಕರ್ನಾಟಕವೇ 1971ರಲ್ಲಿ ಒಮ್ಮೆ, 1977ರ ಡಿಸೆಂಬರ್ 31ರಂದು ದೇವರಾಜ ಅರಸರ ಕಾಲದಲ್ಲಿ ಇನ್ನೊಮ್ಮೆ ರಾಷ್ಟ್ರಪತಿ ಆಳ್ವಿಕೆ ಕಂಡಿತ್ತು. ಇದರಲ್ಲಿ ಕೈ ಶುದ್ಧವಾಗಿದ್ದ ದೊಡ್ಡ ಪಕ್ಷ ಒಂದೂ ಇರಲಿಲ್ಲ. ಬಹುಮತದ ಪ್ರಶ್ನೆ ಸದನದಲ್ಲೇ ತೀರ್ಮಾನವಾಗಲಿ ಎಂದು ಸರ್ಕಾರಿಯಾ ಆಯೋಗ ಬರೆದುಕೊಟ್ಟು ಆಗಿನ್ನೂ ಬಹಳ ಕಾಲ ಕಳೆದಿರಲಿಲ್ಲ. ಓದಬೇಕಾದವರು ಅದನ್ನು ಓದಿ ನಡೆಯಲಿಲ್ಲ.

ಬೇರೆ ಮುಖ್ಯಮಂತ್ರಿಗಳು ಇಂಥ ಹೊತ್ತಿನಲ್ಲಿ ಮನೆಗೆ ಹೋಗಿ ಮುಂದಿನ ಚುನಾವಣೆಯ ತಯಾರಿ ಮಾಡುತ್ತಿದ್ದರು. ಬೊಮ್ಮಾಯಿ ವಕೀಲರು. ಏಪ್ರಿಲ್ 26ರಂದು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರು. ಧಾರವಾಡದಲ್ಲಿ ಆಗ ಹೈಕೋರ್ಟ್ ಪೀಠ ಇರಲಿಲ್ಲ, ಅದು ಬಂದದ್ದು 2008ರಲ್ಲಿ. ಬೆಂಗಳೂರಿನ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅರ್ಜಿ ವಜಾ ಮಾಡಿತು. ವರದಿ ಕಳಿಸುವ ಮೊದಲು ಸದನದಲ್ಲಿ ಬಲಪರೀಕ್ಷೆ ನಡೆಸಲೇಬೇಕೆಂಬ ಕಟ್ಟುಪಾಡು ರಾಜ್ಯಪಾಲರಿಗೆ ಇಲ್ಲ ಎಂಬುದು ಆ ಪೀಠದ ನಿಲುವು. ಬೊಮ್ಮಾಯಿ ಸುಪ್ರೀಂ ಕೋರ್ಟಿಗೆ ಹೋದರು.

ಅಷ್ಟರಲ್ಲಿ ಚುನಾವಣೆ ಬಂತು. 1989ರ ನವೆಂಬರ್‌ನಲ್ಲಿ ಲೋಕಸಭೆಗೂ ಕರ್ನಾಟಕ ವಿಧಾನಸಭೆಗೂ ಒಟ್ಟಿಗೇ ಮತದಾನ. ಬೊಮ್ಮಾಯಿ ಸರ್ಕಾರವನ್ನು ಕಿತ್ತುಹಾಕಿದ ರಾಜೀವ್ ಗಾಂಧಿಯವರನ್ನು ದೇಶ ಸೋಲಿಸಿತು, ಜನತಾದಳದ ವಿ.ಪಿ. ಸಿಂಗ್ ಪ್ರಧಾನಿಯಾದರು. ಕರ್ನಾಟಕದ ಮತದಾರರು ಮಾತ್ರ ರಾಜ್ಯದ 28ರಲ್ಲಿ 27 ಲೋಕಸಭಾ ಸ್ಥಾನಗಳನ್ನೂ, ವಿಧಾನಸಭೆಯ 178 ಸ್ಥಾನಗಳನ್ನೂ ಕಾಂಗ್ರೆಸ್ಸಿಗೇ ಕೊಟ್ಟರು. ಜನತಾದಳಕ್ಕೆ ಉಳಿದದ್ದು 24 ಶಾಸಕರು. ಧಾರವಾಡ ಉತ್ತರ ಲೋಕಸಭಾ ಕ್ಷೇತ್ರದಲ್ಲಿ ಡಿ.ಕೆ. ನಾಯ್ಕರ್ ಮತ್ತೆ ಗೆದ್ದರು. ಹುಬ್ಬಳ್ಳಿ ಗ್ರಾಮೀಣವೂ ಕಾಂಗ್ರೆಸ್ಸಿನ ಜಿ.ಆರ್. ಸಾಂಡ್ರಾ ಅವರ ಪಾಲಾಯಿತು.

ಈ ಫಲಿತಾಂಶ ತೋರಿಸಿ, ಜನರೇ ತೀರ್ಪು ಕೊಟ್ಟ ಮೇಲೆ ರಾಜ್ಯಪಾಲರ ತಪ್ಪೇನು ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಒಳಜಗಳದಲ್ಲೇ ಮುಳುಗಿದ್ದ ಪಕ್ಷವನ್ನು ಮತದಾರರು ಶಿಕ್ಷಿಸಿದರು, ಆ ಹಕ್ಕು ಅವರದು. ಸರ್ಕಾರವನ್ನು ಇಳಿಸುವ ಅಧಿಕಾರ ಐದು ವರ್ಷಕ್ಕೊಮ್ಮೆ ಮತದಾರರಿಗೆ, ನಡುವೆ ಅವರು ಕಳಿಸಿದ ಸದನಕ್ಕೆ. ನವೆಂಬರ್‌ನಲ್ಲಿ ಸೋಲಲಿದ್ದ ಸರ್ಕಾರ ಎಂಬ ಕಾರಣಕ್ಕೆ ಏಪ್ರಿಲ್‌ನಲ್ಲಿ ಅದನ್ನು ಪತ್ರದ ಕಟ್ಟಿನ ಮೇಲೆ ತೆಗೆಯಬಹುದೆಂದಾದರೆ ಚುನಾವಣೆಯೇ ಬೇಕಿಲ್ಲ.

ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ವರ್ಷಗಟ್ಟಲೆ ಕಾಯಿತು. ನಾಗಾಲ್ಯಾಂಡ್, ಮೇಘಾಲಯದ ಪ್ರಕರಣಗಳು ಅದರ ಜೊತೆಗೂಡಿದವು. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿದ ಮೇಲೆ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಬಿಜೆಪಿ ಸರ್ಕಾರಗಳ ಪ್ರಕರಣಗಳೂ ಬಂದವು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂತಿತು. 1994ರ ಮಾರ್ಚ್ 11ರಂದು ತೀರ್ಪು ಬಂತು.

ತೀರ್ಪು ದೊಡ್ಡದು, ನ್ಯಾಯಮೂರ್ತಿಗಳು ಬೇರೆಬೇರೆಯಾಗಿ ಬರೆದದ್ದು. ಅದರ ತಿರುಳನ್ನು ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ಸಂಜೆ ನಿಂತು ಮಾತಾಡುವ ಯಾರಿಗಾದರೂ ಹೇಳಬಹುದು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ಯಾರೊಬ್ಬರ ಖಾಸಗಿ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲ, ಆತ ರಾಜ್ಯಪಾಲನಿರಲಿ, ರಾಷ್ಟ್ರಪತಿಯಿರಲಿ. ಅದನ್ನು ತೀರ್ಮಾನಿಸುವ ಜಾಗ ಸದನ. ರಾಷ್ಟ್ರಪತಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೆ. ಘೋಷಣೆ ಅಸಿಂಧುವಾದರೆ ಕಿತ್ತುಹಾಕಿದ ಸರ್ಕಾರವನ್ನು ಕೋರ್ಟು ಮತ್ತೆ ಕೂರಿಸಬಹುದು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ ಭಾಗ ಎಂದು ಹೇಳಿ ಮೂರು ಬಿಜೆಪಿ ಸರ್ಕಾರಗಳ ವಜಾವನ್ನು ಕೋರ್ಟು ಎತ್ತಿಹಿಡಿಯಿತು. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯದ ಘೋಷಣೆಗಳು ಸಂವಿಧಾನಬಾಹಿರ ಎಂದಿತು. ಅಲ್ಲಿಯವರೆಗೆ ಈ ವಿಧಿಯನ್ನು ತೊಂಬತ್ತಕ್ಕೂ ಹೆಚ್ಚು ಬಾರಿ ಪ್ರಯೋಗಿಸಲಾಗಿತ್ತು.

ಬೊಮ್ಮಾಯಿ ಗೆದ್ದರು, ಅವರ ಕೈಗೆ ಏನೂ ಬರಲಿಲ್ಲ. ಆ ಐದು ವರ್ಷದಲ್ಲಿ ವೀರೇಂದ್ರ ಪಾಟೀಲ, ಬಂಗಾರಪ್ಪ, ವೀರಪ್ಪ ಮೊಯಿಲಿ ಮೂವರು ಮುಖ್ಯಮಂತ್ರಿಗಳಾಗಿದ್ದರು. ಮರಳಿ ಕೂರಿಸಲು ಸದನವೇ ಉಳಿದಿರಲಿಲ್ಲ. ಅದೇ ವರ್ಷದ ಕೊನೆಗೆ ನಡೆದ ವಿಧಾನಸಭೆ ಚುನಾವಣೆಯಲ್ಲಿ ಹುಬ್ಬಳ್ಳಿ ಗ್ರಾಮೀಣದಿಂದ ಅವರ ಮಗ ಬಸವರಾಜ ಬೊಮ್ಮಾಯಿ ನಿಂತು, ಬಿಜೆಪಿಯ ಯುವ ವಕೀಲ ಜಗದೀಶ ಶೆಟ್ಟರ್ ಎದುರು ಸೋತರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು, ಅದೂ ಒಂದೇ ಪಕ್ಷದಿಂದ. ತಂದೆ ಬೊಮ್ಮಾಯಿ 1996ರಲ್ಲಿ ದೇವೇಗೌಡರ ಸಂಪುಟದಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಮಂತ್ರಿಯಾದರು. 2007ರ ಅಕ್ಟೋಬರ್ 10ರಂದು ತೀರಿಕೊಂಡರು. ಕುಮಾರಸ್ವಾಮಿಯವರ ಮೊದಲ ಸರ್ಕಾರ ಬಿದ್ದು ಕರ್ನಾಟಕ ಆ ದಿನ ರಾಷ್ಟ್ರಪತಿ ಆಳ್ವಿಕೆಯಲ್ಲಿತ್ತು.

ನಮ್ಮದು ಬ್ರಿಟಿಷರಿಂದ ಬಂದ ಸಂಸದೀಯ ಪದ್ಧತಿ. ಅದೇ ಪದ್ಧತಿ ಹೊತ್ತ ಇನ್ನೊಂದು ನಾಡು ಇದೇ ಪ್ರಶ್ನೆಗೆ ಸಿಕ್ಕಿ ಒದ್ದಾಡಿದ್ದನ್ನು ಇಲ್ಲಿ ನೆನೆಯಬೇಕು. ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ಮತ್ತು ಟೊಬ್ಯಾಗೊ 1962ರಲ್ಲಿ ಸ್ವತಂತ್ರವಾಯಿತು, 1976ರಲ್ಲಿ ಗಣರಾಜ್ಯವಾಯಿತು. ಕಬ್ಬಿನ ಗದ್ದೆಗಳ ಕರಾರು ಕೂಲಿಗೆಂದು 1845ರಿಂದ ಭಾರತದಿಂದ ಹೋದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಪೈಕಿ ಮೊದಲ ಪ್ರಧಾನಿ ಬಾಸ್‌ದೇವ್ ಪಾಂಡೆ. 1995ರಲ್ಲಿ ಎರಡು ದೊಡ್ಡ ಪಕ್ಷಗಳಿಗೂ 17-17 ಸ್ಥಾನ ಬಂದಾಗ, ಎರಡು ಸ್ಥಾನಗಳ ಸಣ್ಣ ಪಕ್ಷದ ನಾಯಕ ಎ.ಎನ್.ಆರ್. ರಾಬಿನ್ಸನ್ ಬೆಂಬಲಿಸಿದ್ದರಿಂದ ಅವರು ಪ್ರಧಾನಿಯಾದರು. ಎರಡು ವರ್ಷದಲ್ಲಿ ರಾಬಿನ್ಸನ್ ದೇಶದ ಅಧ್ಯಕ್ಷರಾದರು.

2001ರಲ್ಲಿ ಪಾಂಡೆಯವರ ಪಕ್ಷದ ಮೂವರು ಸಂಸದರು ತಿರುಗಿಬಿದ್ದರು, ಬಹುಮತ ಹೋಯಿತು, ಡಿಸೆಂಬರ್ 10ರಂದು ಚುನಾವಣೆ ನಡೆಯಿತು. 36 ಸ್ಥಾನಗಳ ಸದನದಲ್ಲಿ ಪಾಂಡೆಯವರ ಯುಎನ್‌ಸಿಗೆ 18, ಪ್ಯಾಟ್ರಿಕ್ ಮ್ಯಾನಿಂಗ್ ಅವರ ಪಿಎನ್‌ಎಂಗೆ 18. ಯಾರಿಗೆ ಬಹುಮತ ಸಿಗುವ ಸಂಭವ ಹೆಚ್ಚೋ ಅವರನ್ನು ಅಧ್ಯಕ್ಷರು ತಮ್ಮ ವಿವೇಚನೆಯಂತೆ ಪ್ರಧಾನಿ ಮಾಡಬೇಕೆಂದು ಅಲ್ಲಿಯ ಸಂವಿಧಾನ ಹೇಳುತ್ತದೆ. ಇಬ್ಬರಿಗೂ ಸಮ ಬಂದರೆ ಏನು ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ. ಡಿಸೆಂಬರ್ 24ರಂದು ರಾಬಿನ್ಸನ್ ನೈತಿಕ, ಆಧ್ಯಾತ್ಮಿಕ ಮೌಲ್ಯಗಳ ಮಾತು ಹೇಳಿ ಮ್ಯಾನಿಂಗ್ ಅವರನ್ನು ಪ್ರಧಾನಿಯಾಗಿ ನೇಮಿಸಿದರು. ಪಾಂಡೆ ಒಪ್ಪಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಸಂಸತ್ತು ಸೇರಿದಾಗ ಸ್ಪೀಕರ್ ಆಯ್ಕೆಯೇ ಆಗಲಿಲ್ಲ. ಸ್ಪೀಕರ್ ಇಲ್ಲದೆ ಸದನ ಇಲ್ಲ, ಸದನ ಇಲ್ಲದೆ ಬಹುಮತದ ಪರೀಕ್ಷೆ ಇಲ್ಲ. ಒಬ್ಬ ವ್ಯಕ್ತಿ ಆರಿಸಿದ ಸರ್ಕಾರ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ 2002ರ ಅಕ್ಟೋಬರ್ 7ರಂದು ಮತ್ತೆ ಜನರ ಮುಂದೆ ಹೋಗಿ, ಪಿಎನ್‌ಎಂ 20-16ರಿಂದ ಗೆದ್ದ ಮೇಲೆ ಗಂಟು ಬಿಚ್ಚಿತು.

ಬೆಂಗಳೂರಿನ ರಾಜಭವನದ ವರದಿಯಲ್ಲೂ ಅಲ್ಲಿಯ ಅಧ್ಯಕ್ಷರ ಭಾಷಣದಲ್ಲೂ ನನಗೆ ಕಾಣುವುದು ಒಂದೇ ಸಂಗತಿ. ಸದನ ಎಣಿಸದ ಜಾಗದಲ್ಲಿ ಒಬ್ಬರ ಅಭಿಪ್ರಾಯ ಬಂದು ಕೂರುತ್ತದೆ. ಆ ಒಬ್ಬರು ಸಜ್ಜನರೇ ಇದ್ದರೂ ಸೋತ ಕಡೆಯವರಿಗೆ ಅದು ನ್ಯಾಯ ಅನ್ನಿಸುವುದಿಲ್ಲ.

ಬೊಮ್ಮಾಯಿ ತೀರ್ಪು ಕಾಗದದಲ್ಲಿ ಉಳಿಯಲಿಲ್ಲ. 1999ರ ಫೆಬ್ರುವರಿಯಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನು ತೆಗೆದ ವಾಜಪೇಯಿ ಸರ್ಕಾರ, ರಾಜ್ಯಸಭೆಯಲ್ಲಿ ಒಪ್ಪಿಗೆ ಸಿಗುವುದಿಲ್ಲ ಎಂದು ಗೊತ್ತಾಗಿ ಮಾರ್ಚ್‌ನಲ್ಲಿ ಹಿಂದೆ ಸರಿಯಿತು. 2016ರಲ್ಲಿ ಅರುಣಾಚಲದ ಪದಚ್ಯುತ ಸರ್ಕಾರವನ್ನು ಸುಪ್ರೀಂ ಕೋರ್ಟ್ ಮರಳಿ ಕೂರಿಸಿತು. 2018ರ ಮೇ ತಿಂಗಳಲ್ಲಿ ಅದು ಕರ್ನಾಟಕಕ್ಕೇ ಬಂತು. ಚುನಾವಣೆ ನಡೆದ 222 ಸ್ಥಾನಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37. ಯಡಿಯೂರಪ್ಪನವರಿಗೆ ಪ್ರಮಾಣವಚನ ಬೋಧಿಸಿದ ರಾಜ್ಯಪಾಲ ವಜುಭಾಯಿ ವಾಲಾ ಬಹುಮತ ತೋರಿಸಲು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ಮೇ 19ಕ್ಕೆ ಇಳಿಸಿತು. ಯಡಿಯೂರಪ್ಪ ಮತಕ್ಕೆ ಹಾಕುವ ಮೊದಲೇ ಸದನದಲ್ಲಿ ಭಾಷಣ ಮಾಡಿ ರಾಜೀನಾಮೆ ಕೊಡಲು ಹೊರಟರು. ಹುಬ್ಬಳ್ಳಿಯ ಚಹಾದಂಗಡಿಗಳ ಟಿವಿ ಮುಂದೆ ನಿಂತ ಮಂದಿಯೂ ಅದನ್ನು ನೇರವಾಗಿ ನೋಡಿದರು. 1989ರಲ್ಲಿ ಅವರಿಗೆ ಸಿಗದೇ ಹೋದದ್ದು ಅದೇ: ಕಣ್ಣೆದುರು ನಡೆಯುವ ತೀರ್ಮಾನ.

2019ರ ಜುಲೈನಲ್ಲಿ ಕುಮಾರಸ್ವಾಮಿಯವರ ಸರದಿ. ಇಂಥ ಹೊತ್ತಿನೊಳಗೆ ಮತಕ್ಕೆ ಹಾಕಿ ಎಂದು ರಾಜಭವನದಿಂದ ಪತ್ರ ಬಂತು. ಸದನ ತನ್ನ ವೇಳೆಯಲ್ಲೇ ಚರ್ಚೆ ನಡೆಸಿತು. 23ರ ಸಂಜೆ ಗಂಟೆ ಬಾರಿಸಿ, ಬಾಗಿಲು ಹಾಕಿ, ಸಿಬ್ಬಂದಿ ಸಾಲು ಸಾಲಾಗಿ ನಿಂತ ಶಾಸಕರನ್ನು ಎಣಿಸಿದರು. ಪರ 99, ವಿರುದ್ಧ 105. ಬೊಮ್ಮಾಯಿ ಮೂವತ್ತು ವರ್ಷದ ಹಿಂದೆ ಟೆಲೆಕ್ಸ್‌ನಲ್ಲಿ ಬೇಡಿದ್ದು ಇಷ್ಟನ್ನೇ.

ಆದರೆ ಆ ಸಂಜೆ ಸದನದಲ್ಲಿ ಇರಬೇಕಾದವರು ಹಲವರು ಇರಲಿಲ್ಲ. ರಾಜೀನಾಮೆ ಬರೆದಿಟ್ಟು ಮುಂಬೈಯ ಹೋಟೆಲಿನಲ್ಲಿದ್ದರು. ಬಹುಮತ ಎಲ್ಲಿ ಎಣಿಸಬೇಕು ಎಂಬುದನ್ನು ತೀರ್ಪು ಖಚಿತ ಮಾಡಿತು. ಎಣಿಕೆಗೆ ಮುಂಚೆಯೇ ತಲೆಗಳನ್ನು ಸದನದಿಂದ ಹೊರಗೆ ಸಾಗಿಸುವ ದಾರಿಯನ್ನು ರಾಜಕಾರಣ ಹುಡುಕಿಕೊಂಡಿತು, 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಕಣ್ಣೆದುರೇ. ಹದಿನೇಳು ಶಾಸಕರನ್ನು ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಅನರ್ಹತೆ ಸರಿ ಎಂದಿತು, ಮತ್ತೆ ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದೂ ಹೇಳಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಅನರ್ಹಗೊಂಡವರಲ್ಲಿ ಹೆಚ್ಚಿನವರು ಈ ಸಲ ಬಿಜೆಪಿ ಟಿಕೆಟ್ ಮೇಲೆ ನಿಂತರು, ಆ ಪಕ್ಷಕ್ಕೆ 12 ಸ್ಥಾನ ಸಿಕ್ಕವು. ಹತ್ತೊಂಬತ್ತು ಪತ್ರಗಳ ಕಾಲದಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದವರು ಈಗ ರಾಜೀನಾಮೆ ಬರೆಸಿಕೊಳ್ಳುತ್ತಾರೆ. ಇದಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇನ್ನೂ ಕೂತಿಲ್ಲ.